ಮ್ಯಾನೇಜರ್ ಮನೆಗೆ, ಮೊಬೈಲು ಬಕೆಟ್ಟಿಗೆ

ನನ್ನ ಕ್ಲಬ್ಬು ಮ್ಯಾನೇಜರನ್ನು ಕಿತ್ತುಹಾಕಿದ ಸುದ್ದಿ ಬಂದಾಗ ನಾನು ಬಾತ್‌ರೂಮಿನಲ್ಲಿ ಹಲ್ಲುಜ್ಜುತ್ತಿದ್ದೆ. ಒಂದು ಕೈಯಲ್ಲಿ ಬ್ರಷ್ಷು, ಇನ್ನೊಂದು ಕೈಯಲ್ಲಿ ಮೊಬೈಲು, ಬಾಯಿ ತುಂಬ ನೊರೆ. ಟಿಣ್ ಅಂತ ಸದ್ದಾಯಿತು. ನೋಡಿದೆ. ‘ಅಯ್ಯೋ’ ಅನ್ನಲು ಬಾಯಿ ತೆರೆದೆ, ನೊರೆ ಗಂಟಲಿಗೆ ಇಳಿಯಿತು, ಕೆಮ್ಮು ಬಂತು, ಮೊಬೈಲು ಬಕೆಟ್ಟಿಗೆ ಬಿತ್ತು. ತುಂಬಿದ ಬಕೆಟ್ಟು. ತಳ ಸೇರಿದ ಮೇಲೂ ಅದು ಸ್ವಲ್ಪ ಹೊತ್ತು ಬೆಳಗುತ್ತಲೇ ಇತ್ತು. ನೀರಿನೊಳಗಿಂದ ಕ್ಲಬ್ಬಿನ ಹೇಳಿಕೆಯ ಮೊದಲ ಸಾಲು ಅಲುಗಾಡುತ್ತಾ ಕಾಣಿಸಿತು. ‘ಅವರ ಸೇವೆಗೆ ನಾವು ಸದಾ ಋಣಿ...’ ಆಮೇಲೆ ಕತ್ತಲು.

ಯಾವ ಕ್ಲಬ್ಬು ಅಂತ ಕೇಳಬೇಡಿ. ಮನೆ ಮರ್ಯಾದೆಯ ವಿಷಯ. ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬು ಅಂತಷ್ಟೇ ತಿಳಿದರೆ ಸಾಕು.

ಇಲ್ಲೊಂದು ತಪ್ಪೊಪ್ಪಿಗೆ ಇದೆ. ಆರು ತಿಂಗಳಿಂದ ‘ಈ ಮನುಷ್ಯನನ್ನು ಮೊದಲು ಕಳಿಸ್ರಪ್ಪಾ’ ಅಂತ ಟಿವಿ ಮುಂದೆ ಬಾಯಿ ಬಡಿದುಕೊಂಡವನು ನಾನೇ. ಆಫ್‌ಸೈಡ್ ಅಂದರೇನು ಅಂತ ಇಂದಿಗೂ ಗೊತ್ತಿಲ್ಲದ ನನ್ನ ಹೆಂಡತಿಗೆ ಅವನ ದೋಷಗಳು ಮಾತ್ರ ಬಾಯಿಪಾಠ ಆಗಿದ್ದವು. ಆದರೆ ಬಕೆಟ್ಟಿಗೆ ಕೈ ಹಾಕಿ ಮೊಬೈಲು ಎತ್ತುವಾಗ ಯಾಕೋ ಪಾಪ ಅನ್ನಿಸಿತು. ನನ್ನ ಮಾತು ಕೇಳಿಯೇ ಅವನ ಕೆಲಸ ಕಿತ್ತುಕೊಂಡರೇನೋ ಎನ್ನುವ ಹಾಗೆ.

ಹೆಂಡತಿ ಹೇರ್ ಡ್ರೈಯರ್ ತಂದು ಮೊಬೈಲಿಗೆ ಗಾಳಿ ಹಿಡಿದಳು.

‘ಕಳಿಸ್ಬೇಕು ಕಳಿಸ್ಬೇಕು ಅಂತಿದ್ದೋರು ನೀವೇ ಅಲ್ವಾ? ಈಗ ಯಾಕೆ ಮುಖ ಹೀಗಾಗಿದೆ?’

‘ಕಳಿಸೋಕೂ ಒಂದು ರೀತಿ ಅಂತ ಇರುತ್ತೆ ಕಣೇ.’

ಅವಳು ಡ್ರೈಯರ್ ಆಫ್ ಮಾಡಿ ಎದ್ದು ಹೋದಳು. ಮೊಬೈಲು ಬದುಕಲಿಲ್ಲ.

ಉಳಿದ ವಿವರ ತಿಳಿಯಬೇಕಾದರೆ ಇನ್ನು ಷಡ್ಡಕರೇ ಗತಿ. ಸಂಜೆ ಹೇಗೂ ಅತ್ತೆ ಮನೆಯಲ್ಲಿ ಎಲ್ಲರೂ ಸೇರುವುದಿತ್ತು. ಅಕ್ಕತಂಗಿಯರನ್ನು ಮದುವೆಯಾಗಿದ್ದು ಬಿಟ್ಟರೆ ನಮ್ಮಿಬ್ಬರಿಗೂ ಸಮಾನವಾಗಿ ಇರುವುದು ಈ ಕ್ಲಬ್ಬು ಒಂದೇ. ಅದರಲ್ಲೂ ಅವರದು ತಾಳ್ಮೆಯ ಪಕ್ಷ. ಪ್ರತಿ ಸೋಲಿನ ಮಾರನೇ ದಿನ ಫೋನ್ ಮಾಡಿ, ‘ಟೈಮ್ ಕೊಡ್ಬೇಕು ರೀ. ಗಿಡ ನೆಟ್ಟು ಮಾರನೇ ದಿನವೇ ಬೇರು ಕಿತ್ತು ನೋಡ್ತಾರಾ?’ ಅನ್ನುತ್ತಿದ್ದವರು. ಅವರ ಸಂಕಟ ಹೇಗಿದೆಯೋ ಅಂತ ಮೆಲ್ಲಗೆ ಹೋಗಿ ಪಕ್ಕದಲ್ಲಿ ಕೂತೆ.

‘ಒಳ್ಳೇ ಕೆಲಸ ಮಾಡಿದ್ರು ಬಿಡಿ’ ಅಂದರು ಷಡ್ಡಕರು.

ಒಂದೇ ದಿನದಲ್ಲಿ ನಾವಿಬ್ಬರೂ ಪಕ್ಷ ಬದಲಾಯಿಸಿದ್ದೆವು. ರಾಜಕಾರಣಿಗಳಾದರೂ ಚುನಾವಣೆ ಹತ್ತಿರ ಬರುವವರೆಗೆ ಕಾಯುತ್ತಾರೆ.

‘ಅಲ್ರೀ, ಫರ್ಗುಸನ್...’ ಅಂದೆ. ತಾಳ್ಮೆ ಪಕ್ಷದವರ ಬ್ರಹ್ಮಾಸ್ತ್ರ ಇದು. ನಿನ್ನೆವರೆಗೂ ಷಡ್ಡಕರ ಬತ್ತಳಿಕೆಯಲ್ಲಿತ್ತು. 1986ರ ನವೆಂಬರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದ ಮನುಷ್ಯ. ಮೂರು ವರ್ಷ ಕಳೆದರೂ ಒಂದು ಟ್ರೋಫಿ ಇಲ್ಲ. 1989ರ ಡಿಸೆಂಬರಿನಲ್ಲಿ ಅಭಿಮಾನಿಯೊಬ್ಬ ಸ್ಟೇಡಿಯಮ್ಮಿಗೇ ಬ್ಯಾನರ್ ತಂದು, ಮೂರು ವರ್ಷ ನೆಪ ಕೇಳಿದ್ದಾಯಿತು, ಇನ್ನು ಹೊರಡಪ್ಪಾ ಅಂತ ಬೀಳ್ಕೊಟ್ಟಿದ್ದ. ಕ್ಲಬ್ಬು ಕಳಿಸಲಿಲ್ಲ. 1990ರಲ್ಲಿ ಎಫ್‌ಎ ಕಪ್ ಬಂತು. 2013ರಲ್ಲಿ ತಾನಾಗಿಯೇ ನಿವೃತ್ತಿಯಾಗುವಷ್ಟರಲ್ಲಿ 13 ಲೀಗ್ ಪ್ರಶಸ್ತಿ ಗೆದ್ದುಕೊಟ್ಟಿದ್ದ.

‘ಆ ಬ್ಯಾನರ್ ಹಿಡಿದವನ ಮುಖ ಹೇಗಾಗಿರಬೇಕು, ಊಹೆ ಮಾಡ್ಕೊಳ್ಳಿ’ ಅಂದೆ. ನನಗೇನೂ ಊಹೆ ಬೇಕಿರಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ನೋಡಿದ್ದೆ.

ಷಡ್ಡಕರು ಅಲುಗಲಿಲ್ಲ. ‘ಅದೇ ಯುನೈಟೆಡ್‌ನವರು ಫರ್ಗುಸನ್ ಆದ್ಮೇಲೆ ಡೇವಿಡ್ ಮೋಯೆಸ್‌ಗೆ ಆರು ವರ್ಷದ ಒಪ್ಪಂದ ಕೊಟ್ಟರು. ಎಷ್ಟು ದಿನ ಉಳಿದ? ಹತ್ತು ತಿಂಗಳು! ಅಭಿಮಾನಿಗಳು ವಿಮಾನ ಗೊತ್ತುಮಾಡಿ ಸ್ಟೇಡಿಯಮ್ಮಿನ ಮೇಲೆ ಬ್ಯಾನರ್ ಹಾರಿಸಿದ್ರು ರೀ. ನೀವು ಬರೀ ಟಿವಿಗೆ ಬೈದಿದ್ದೀರಿ. ಅದಕ್ಕೇ ಇಷ್ಟು ಕೊರಗಿದ್ರೆ ಹೇಗೆ?’

ನಮ್ಮ ದನಿ ಕೇಳಿ ಅತ್ತೆ ಹೊರಗೆ ಬಂದರು.

‘ಯಾರನ್ನ ತೆಗೆದ್ರಂತೆ? ನಿಮ್ಮ ಆಫೀಸಿನ ಮ್ಯಾನೇಜರಾ?’

ಅಲ್ಲ ಅತ್ತೆ, ಫುಟ್‌ಬಾಲಿನವರು ಅಂತ ವಿವರಿಸಿದೆವು. ತಂಡ ಆರಿಸುವವರು, ಆಡಿಸುವವರು. ಅತ್ತೆ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

‘ಅವರಿಗೆ ಮಕ್ಕಳೆಷ್ಟು?’

ಇಬ್ಬರೂ ಪೆಚ್ಚಾದೆವು. ಅವನು ಈ ಸೀಸನ್ನಿನಲ್ಲಿ ಯಾವ ಪಂದ್ಯದ ಯಾವ ನಿಮಿಷದಲ್ಲಿ ಯಾರನ್ನು ಬದಲಾಯಿಸಿ ಕೆಟ್ಟ ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆವು. ಮಕ್ಕಳಿದ್ದಾವೆಯೇ ಅಂತ ಗೊತ್ತಿರಲಿಲ್ಲ.

‘ಸಂಸಾರಸ್ಥರು ಅಲ್ವಾ, ಹೀಗೆ ಏಕಾಏಕಿ ಬಿಡಿಸಿದ್ರೆ?’

‘ಏಕಾಏಕಿ ಏನಲ್ಲ ಅತ್ತೆ’ ಅಂದರು ಷಡ್ಡಕರು. ‘ಹತ್ತು ದಿನದ ಹಿಂದೇನೇ ಬೋರ್ಡಿನವರು ಹೇಳಿಕೆ ಕೊಟ್ಟಿದ್ರು, ಮ್ಯಾನೇಜರ್ ಮೇಲೆ ನಮಗೆ ಪೂರ್ತಿ ವಿಶ್ವಾಸ ಇದೆ ಅಂತ.’

‘ವಿಶ್ವಾಸ ಇದ್ರೆ ಒಳ್ಳೇದೇ ಆಯ್ತಲ್ಲ?’

‘ಇಲ್ಲ. ಇಲ್ಲಿ ಹಾಗಂದ್ರೆ ಸಾಮಾನು ಕಟ್ಟಿಕೋ ಅಂತ ಅರ್ಥ.’

ಅತ್ತೆ ‘ಓಹೋ’ ಅಂದರು. ಆ ‘ಓಹೋ’ವನ್ನು ಎಲ್ಲಿ ಎತ್ತಿಟ್ಟುಕೊಂಡರು ಅಂತ ನಮಗೆ ಆಮೇಲೆ ತಿಳಿಯಿತು.

ಒಪ್ಪಂದ ಮುಗಿಯುವ ಮೊದಲೇ ಕಳಿಸಿದರೆ ಪರಿಹಾರ ಸಿಗುತ್ತದೆ, ಚಿಂತೆ ಇಲ್ಲ ಅಂತ ಸಮಾಧಾನ ಹೇಳಿದೆ. ಕೆಲವು ಸಲ ಗಾರ್ಡನಿಂಗ್ ಲೀವ್ ಅಂತಲೂ ಮಾಡುತ್ತಾರೆ. ಸಂಬಳ ಬರುತ್ತೆ, ಆದರೆ ಕೆಲಸಕ್ಕೆ ಬರುವ ಹಾಗಿಲ್ಲ, ಬೇರೆ ಕಡೆ ಸೇರುವ ಹಾಗೂ ಇಲ್ಲ, ಮನೆಯಲ್ಲಿ ಸುಮ್ನೆ ಕೂತಿರಬೇಕು ಅಂದೆ.

‘ನಿಮ್ಮ ಮಾವ ರಿಟೈರ್ ಆದಾಗಿನಿಂದ ಅದೇ ಮಾಡ್ತಿರೋದು’ ಅಂದರು ಅತ್ತೆ. ಮೂಲೆಯಲ್ಲಿ ಮಾವ ಪೇಪರಿನ ಪುಟ ತಿರುಗಿಸಿದರು.

ಇಷ್ಟರಲ್ಲಿ ಷಡ್ಡಕರ ಮಗ ಬಂದ. ಹದಿನಾರು ವರ್ಷ. ಅವನ ತಲೆಮಾರಿನವರು ಪಂದ್ಯ ನೋಡುವುದಿಲ್ಲ, ಎಕ್ಸ್‌ಜಿ ನೋಡುತ್ತಾರೆ. ಪ್ರತಿ ಹೊಡೆತವೂ ಗೋಲಾಗುವ ಸಾಧ್ಯತೆ ಎಷ್ಟು ಅಂತ ಸೊನ್ನೆಯಿಂದ ಒಂದರ ನಡುವೆ ಅಂಕ ಕೊಡುವ ಲೆಕ್ಕ ಅದು. ಪೆನಾಲ್ಟಿಗೆ ಮುಕ್ಕಾಲಿಗಿಂತ ಚೂರು ಜಾಸ್ತಿ, ದೂರದಿಂದ ಕಣ್ಣುಮುಚ್ಚಿ ಒದ್ದದ್ದಕ್ಕೆ ಚಿಲ್ಲರೆ.

‘ಚಿಕ್ಕಪ್ಪ, ಎಕ್ಸ್‌ಜಿ ಪ್ರಕಾರ ನಾವು ನ್ಯಾಯವಾಗಿ ಒಂಬತ್ತನೇ ಸ್ಥಾನದಲ್ಲಿರಬೇಕಿತ್ತು. ಮ್ಯಾನೇಜರ್ ತಪ್ಪೇ ಇಲ್ಲ.’

‘ನ್ಯಾಯವಾಗಿ ನೀನು ಗಣಿತದಲ್ಲಿ ಎಷ್ಟು ತಗೋಬೇಕಿತ್ತು?’ ಅಂದರು ಷಡ್ಡಕರು. ಹುಡುಗ ಸ್ವಲ್ಪ ಹೊತ್ತು ಸುಮ್ಮನಾದ.

ಆದರೆ ಅವನು ಆಮೇಲೆ ಹೇಳಿದ ಒಂದು ಮಾತು ನನಗೆ ಹಿಡಿಸಿತು. ಹೊಸ ಮ್ಯಾನೇಜರ್ ಬಂದ ತಕ್ಷಣ ತಂಡ ನಾಲ್ಕು ಪಂದ್ಯ ಗೆಲ್ಲುತ್ತಲ್ಲ, ಅದರಲ್ಲಿ ಅರ್ಧ ಬರೀ ಭ್ರಮೆಯಂತೆ. ಕ್ಲಬ್ಬುಗಳು ಕಿತ್ತುಹಾಕುವುದು ತಂಡ ತೀರಾ ಕೆಳಗೆ ಬಿದ್ದಾಗ. ಅಲ್ಲಿಂದ ಹೇಗೂ ಸ್ವಲ್ಪ ಮೇಲೆ ಬರಲೇಬೇಕು. ಮೂರು ದಿನದ ಜ್ವರಕ್ಕೆ ಮೂರನೇ ದಿನ ಡಾಕ್ಟರ್ ಬದಲಾಯಿಸಿದರೆ ಕೀರ್ತಿ ಯಾರಿಗೆ?

‘ಆ ಲೆಸ್ಟರ್‌ನವರು ರಾನಿಯೇರಿಗೆ ಮಾಡಿದ್ದೂ ಅದೇ’ ಅಂತ ನಾನು ಹಿಡಿದುಕೊಂಡೆ. ಬೆಟ್ಟಿಂಗ್‌ನವರು ಐದು ಸಾವಿರಕ್ಕೆ ಒಂದು ಅಂತ ದರ ಇಟ್ಟಿದ್ದ ತಂಡಕ್ಕೆ 2016ರಲ್ಲಿ ಪ್ರೀಮಿಯರ್ ಲೀಗ್ ಗೆಲ್ಲಿಸಿಕೊಟ್ಟ ಪುಣ್ಯಾತ್ಮ. ಒಂಬತ್ತೇ ತಿಂಗಳಿಗೆ, 2017ರ ಫೆಬ್ರುವರಿಯಲ್ಲಿ, ಹೊರಗೆ ಹಾಕಿದರು. ಇದನ್ನು ಹೇಳುವಾಗ ನನ್ನ ಗಂಟಲು ನಿಜಕ್ಕೂ ಕಟ್ಟಿತು.

‘ಆಮೇಲೇನಾಯ್ತು, ಅದನ್ನೂ ಹೇಳಿ’ ಅಂದರು ಷಡ್ಡಕರು.

ಹೇಳುವ ಮನಸ್ಸಿರಲಿಲ್ಲ. ಆಮೇಲೆ ಬಂದ ಕ್ರೇಗ್ ಶೇಕ್ಸ್‌ಪಿಯರ್ ಲೀಗಿನ ಮೊದಲ ಐದೂ ಪಂದ್ಯ ಗೆದ್ದ. ಕೆಳಗಿನ ಡಿವಿಷನ್ನಿಗೆ ಜಾರುವ ಅಂಚಿನಲ್ಲಿದ್ದ ತಂಡ 12ನೇ ಸ್ಥಾನದಲ್ಲಿ ಮುಗಿಸಿತು. ಅಕ್ಟೋಬರಿನಲ್ಲಿ ಅವನನ್ನೂ ಕಿತ್ತುಹಾಕಿದರು ಅಂತ ನಾನು ಸೇರಿಸಿದೆ. ಅದು ಯಾರ ವಾದಕ್ಕೆ ಬಲ ಅಂತ ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ.

ಮಾತು ಟಾಟನ್‌ಹ್ಯಾಮ್ ಕ್ಲಬ್ಬಿನ ಕಡೆ ಹೊರಳಿತು. 2025ರ ಮೇ ತಿಂಗಳಲ್ಲಿ ಮ್ಯಾನೇಜರ್ ಆಂಜ್ ಪೊಸ್ಟೆಕೊಗ್ಲು ಆ ಕ್ಲಬ್ಬಿಗೆ ಯುರೋಪಾ ಲೀಗ್ ಗೆದ್ದುಕೊಟ್ಟ. 17 ವರ್ಷದ ನಂತರ ಬಂದ ಮೊದಲ ಟ್ರೋಫಿ. ಅದೇ ಸೀಸನ್ನಿನಲ್ಲಿ ಲೀಗಿನಲ್ಲಿ 17ನೇ ಸ್ಥಾನ. ಫೈನಲ್ ಗೆದ್ದ 16ನೇ ದಿನ ಕೆಲಸ ಹೋಯಿತು.

‘ಹದಿನೇಳು!’ ಅಂತ ಕೂಗಿದೆ ನಾನು, ಬರಗಾಲದ ವರ್ಷಗಳನ್ನು ನೆನೆದು.

‘ಹದಿನೇಳು!’ ಅಂತ ಕೂಗಿದರು ಷಡ್ಡಕರು, ಸ್ಥಾನವನ್ನು ನೆನೆದು.

‘ಹದಿನೇಳು ರೀ!’

‘ಅದೇ ನಾನೂ ಹೇಳ್ತಿರೋದು, ಹದಿನೇಳು!’

ಅತ್ತೆ ಒಳಗಿನಿಂದ ಓಡಿ ಬಂದರು. ‘ಇಬ್ಬರೂ ಒಂದೇ ಹೇಳ್ತಿದ್ದೀರಲ್ಲ, ಮತ್ತೆ ಜಗಳ ಯಾಕೆ?’

ಅವರನ್ನು ತಣ್ಣಗೆ ಮಾಡಲು ನಾನು ಬ್ರಯಾನ್ ಕ್ಲಫ್ ಕಥೆ ಹೇಳಿದೆ. 1974ರಲ್ಲಿ ಲೀಡ್ಸ್‌ನವರು 44 ದಿನಕ್ಕೆ ಕಳಿಸಿದರು. ಅದೇ ಮನುಷ್ಯ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಕ್ಕೆ 1979 ಮತ್ತು 1980ರಲ್ಲಿ ಸಾಲಾಗಿ ಎರಡು ಸಲ ಯುರೋಪಿಯನ್ ಕಪ್ ತಂದುಕೊಟ್ಟ. ಅತ್ತೆಗೆ ಕ್ಲಫ್ ಇಷ್ಟವಾದ. 2007ರಲ್ಲಿ ಟಾರ್ಕ್ವೇ ಕ್ಲಬ್ಬಿನಲ್ಲಿ ಲೆರಾಯ್ ರೊಸೀನಿಯರ್ ಹತ್ತೇ ನಿಮಿಷ ಮ್ಯಾನೇಜರ್ ಆಗಿದ್ದ, ಅಷ್ಟರಲ್ಲಿ ಕ್ಲಬ್ಬೇ ಬೇರೆಯವರ ಕೈಗೆ ಹೋಯಿತು ಅಂದಾಗ ಮಾತ್ರ ನಂಬಲಿಲ್ಲ. ‘ಕುರ್ಚಿ ಬಿಸಿ ಆಗೋಕಾದ್ರೂ ಬಿಡಬೇಕಿತ್ತು’ ಅಂತ ಒಳಗೆ ಹೋದರು. ಹೋಗುವಾಗ ಕನ್ನಡಕ ತೆಗೆದು ಟೇಬಲ್ ಮೇಲೆ ಇಟ್ಟರು.

ಆ ಟೇಬಲ್ ಮೇಲೆಯೇ ನಾನು ತಂತ್ರಗಾರಿಕೆ ಪಾಠ ಶುರು ಮಾಡಿದ್ದು. ನಮ್ಮವನ ಹೈ ಲೈನ್‌ನಲ್ಲಿ, ಅಂದರೆ ಡಿಫೆಂಡರ್‌ಗಳನ್ನು ಗೋಲಿನಿಂದ ತುಂಬ ಮುಂದೆ ನಿಲ್ಲಿಸುವುದರಲ್ಲಿ, ತಪ್ಪಿರಲಿಲ್ಲ, ಡಿಫೆಂಡರ್‌ಗಳ ಓಟದಲ್ಲಿ ತಪ್ಪಿತ್ತು ಅಂತ ತೋರಿಸಬೇಕಿತ್ತು. ರಿಮೋಟು, ಮಾವನ ಮಾತ್ರೆ ಡಬ್ಬಿ, ಕಾರಿನ ಕೀ, ಈ ಮೂವರೂ ಡಿಫೆಂಡರ್‌ಗಳು. ರೈಟ್ ಬ್ಯಾಕ್ ಜಾಗಕ್ಕೆ ಕನ್ನಡಕ, ಸ್ವಲ್ಪ ಮುಂದೆ, ಟೇಬಲ್ಲಿನ ಅಂಚಿಗೆ. ಗೋಲಿನಲ್ಲಿ ನನ್ನ ಸತ್ತ ಮೊಬೈಲು. ಏನು ಬಂದರೂ ಅಲುಗಾಡುತ್ತಿರಲಿಲ್ಲ, ನಮ್ಮ ಗೋಲ್‌ಕೀಪರ್ ಪಾತ್ರಕ್ಕೆ ಹೇಳಿ ಮಾಡಿಸಿದ ಹಾಗಿತ್ತು.

‘ಈಗ ಅವರ ವಿಂಗರ್ ಹೀಗೆ ಹಿಂದಿನಿಂದ ನುಗ್ಗಿದ್ರೆ?’ ಅಂತ ಷಡ್ಡಕರು ಪೆನ್ನು ಹಿಡಿದು ಜೋರಾಗಿ ನುಗ್ಗಿದರು. ರೈಟ್ ಬ್ಯಾಕ್ ಮೈದಾನದಿಂದ ಹಾರಿ ಕೆಳಗೆ ಬಿತ್ತು. ಅದನ್ನು ಹಿಡಿಯಲು ನಾನು ಬಗ್ಗಿದೆ, ಅವರು ಗಾಬರಿಯಾಗಿ ಒಂದು ಹೆಜ್ಜೆ ಹಿಂದಿಟ್ಟರು. ಕಟಕ್ ಅಂತ ಸಣ್ಣ ಸದ್ದು. ಒಂದು ಗಾಜು ಸೋಫಾ ಕೆಳಗೆ ಉರುಳಿತು, ಇನ್ನೊಂದು ಅಲ್ಲೇ ಮೂರು ಹೋಳಾಯಿತು.

‘ಅಷ್ಟು ಮುಂದೆ ನಿಲ್ಲಿಸಿದ್ದು ಯಾರು?’ ಅಂದರು ಷಡ್ಡಕರು ಮೆಲ್ಲಗೆ.

‘ತುಳಿದದ್ದು ಯಾರು?’ ಅಂದೆ ನಾನು, ಇನ್ನೂ ಮೆಲ್ಲಗೆ.

‘ಇದು ಓನರ್ ತಪ್ಪು’ ಅಂದ ಹುಡುಗ. ‘ಟೇಬಲ್ ಮೇಲೆ ಬಿಟ್ಟು ಹೋಗಿದ್ದು ಅಜ್ಜಿ ತಾನೇ?’

ಅಜ್ಜಿ ಬಾಗಿಲಲ್ಲೇ ನಿಂತಿದ್ದರು. ಬೈಯಲಿಲ್ಲ. ಕಣ್ಣು ಕಿರಿದು ಮಾಡಿ, ಅಳಿಯಂದಿರಿಬ್ಬರಲ್ಲಿ ಯಾರು ಯಾರು ಅಂತ ಅಂದಾಜು ಮಾಡುವವರ ಹಾಗೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಹಳ ಶಾಂತವಾಗಿ ಹೇಳಿದರು:

‘ಹೋಗ್ಲಿ ಬಿಡಿ. ನನಗೆ ಇಬ್ಬರ ಮೇಲೂ ಪೂರ್ತಿ ವಿಶ್ವಾಸ ಇದೆ.’

ಮೂಲೆಯಲ್ಲಿ ಮಾವನ ಪೇಪರು ಮೊದಲ ಸಲ ಕೆಳಗಿಳಿಯಿತು. ಷಡ್ಡಕರು ನನ್ನ ಮುಖ ನೋಡಿದರು. ನಾನು ಲೆಫ್ಟ್ ಬ್ಯಾಕ್ ಜಾಗದಿಂದ ಕಾರಿನ ಕೀ ಎತ್ತಿಕೊಂಡೆ.