ಟೋಪಿ ಮತ್ತು ಅಂತೆ

ಲಂಡನ್ನಿಗೆ ಬಂದ ಹೊಸತು. ಒಂದು ಸಂಜೆ ಆಫೀಸಿನಲ್ಲಿ "ನಾಳೆ ರೈಲಿಲ್ಲ, ಮುಷ್ಕರ" ಅಂದುಬಿಟ್ಟೆ. ಲಿಫ್ಟಿನಲ್ಲಿ ಯಾರೋ ಆಡಿದ ಮಾತು ಕಿವಿಗೆ ಬಿದ್ದಿತ್ತು, ಅಷ್ಟೇ. ಮಾರನೇ ದಿನ ರೈಲು ಓಡಿತು. ನನ್ನ ಮಾತು ನಂಬಿ ಮನೆಯಲ್ಲೇ ಉಳಿದ ಸಹೋದ್ಯೋಗಿ ಆಮೇಲೆ ನಗುತ್ತಾ ಹೇಳಿದ, 'ಯು ವರ್ ಟಾಕಿಂಗ್ ಥ್ರೂ ಯುವರ್ ಹ್ಯಾಟ್.' ನಾನು ಬೇಜಾರು ಮಾಡಿಕೊಂಡೆ. ನಮ್ಮಲ್ಲಿ ಟೋಪಿ ಹಾಕುವುದು ಅಂದರೆ ಮೋಸ ಮಾಡುವುದು. ನಾನೇನು ಮೋಸ ಮಾಡಿದೆ?

ಗೊತ್ತಿಲ್ಲದ ವಿಷಯವನ್ನು ಗೊತ್ತಿದ್ದವರ ಹಾಗೆ ಹೇಳುವುದು ಅಂತ ಅದರ ಅರ್ಥವಂತೆ. ಅವನೇ ಕಥೆಯನ್ನೂ ಹೇಳಿದ. ಇಲ್ಲಿನ ಸಂಸತ್ತಿನ ಕೆಳಮನೆಯಲ್ಲಿ ಮತದಾನ ನಡೆಯುವಾಗ ಯಾರಾದರೂ ಕ್ರಿಯಾಲೋಪ ಎತ್ತಬೇಕಾದರೆ, ಅಂದರೆ ಕಲಾಪ ನಿಯಮದಂತೆ ನಡೆಯುತ್ತಿಲ್ಲ ಅಂತ ಆಕ್ಷೇಪಿಸಬೇಕಾದರೆ, ಕೂತಲ್ಲೇ, ತಲೆಗೆ ಟೋಪಿ ಹಾಕಿಕೊಂಡೇ ಮಾತಾಡಬೇಕಿತ್ತು. ಟೋಪಿ ಹಾಕುವ ಕಾಲ ಹೋದ ಮೇಲೂ ಇದಕ್ಕೆಂದೇ ಮಡಚುವ ಟೋಪಿಯೊಂದನ್ನು ಅಲ್ಲಿ ಇಟ್ಟಿದ್ದರು. 1998ರಲ್ಲಿ ಆ ಪದ್ಧತಿ ಬಿಟ್ಟರು. ಇದೆಲ್ಲ ನಿಜ. ಆದರೆ ನುಡಿಗಟ್ಟು ಅಲ್ಲಿಂದ ಬಂದಿದ್ದು ಅಂದನಲ್ಲ, ಅದು ಮಾತ್ರ ಬುರುಡೆ. ಅದು ಅಮೆರಿಕದ್ದು, 1888ರ ನ್ಯೂಯಾರ್ಕ್ ಪತ್ರಿಕೆಯಲ್ಲೇ ಸಿಗುತ್ತದೆ. ಅಂದರೆ ಅದರ ಅರ್ಥ ಹೇಳುತ್ತಲೇ ಅವನೂ ಟೋಪಿಯೊಳಗಿಂದ ಮಾತಾಡಿದ್ದ!

ನನಗೆ ಕಾಡಿದ್ದು ಬೇರೆ. ಅವತ್ತು ನಾನು ಕನ್ನಡದಲ್ಲಿ ಮಾತಾಡಿದ್ದರೆ "ನಾಳೆ ರೈಲಿಲ್ವಂತೆ" ಅನ್ನುತ್ತಿದ್ದೆ. ಆ ಒಂದು 'ಅಂತೆ' ಸಾಕಿತ್ತು, ಕೇಳಿದ್ದು ಯಾವುದು, ಕಂಡಿದ್ದು ಯಾವುದು ಅಂತ ಹೇಳೋಕೆ. ಇಂಗ್ಲಿಷಿನಲ್ಲೂ 'ಅಪ್ಯಾರೆಂಟ್ಲಿ' ಇದೆ, ಇವರು ಮಾತುಮಾತಿಗೆ ಬಳಸುತ್ತಾರೆ. ಆದರೆ ಅದನ್ನು ನೆನಪಿಟ್ಟು ಸೇರಿಸಬೇಕು. ಅಂತೆ ಹಾಗಲ್ಲ, ಸುಮ್ನೆ ಬಾಯಿಗೆ ಬಂದುಬಿಡುತ್ತದೆ. ಇಂಗ್ಲಿಷಿಗೆ ಬದಲಾದಾಗ ನಾನು ಮೊದಲು ಕಳೆದುಕೊಂಡಿದ್ದು ಅದನ್ನೇ.

ಹಾಗಂತ ನಾವೇನೂ ಸಾಚಾಗಳಲ್ಲ. ಅಂತೆ ಸೇರಿಸಿದರೆ ಹೊಣೆ ಕಳೆಯಿತು ಅಂತ ಏನನ್ನು ಬೇಕಾದರೂ ದಾಟಿಸುತ್ತೇವೆ. ಅಂತೆಕಂತೆ ಅನ್ನೋ ಮಾತು ಸುಮ್ಮನೆ ಹುಟ್ಟಿದ್ದಲ್ಲವಲ್ಲ. ಇನ್ನೊಂದು ವ್ಯತ್ಯಾಸ ನನಗೆ ಜಾಸ್ತಿ ಇಷ್ಟ. ಇವರ ಟೋಪಿ ಹಂಗಿಸುವುದು ಮಾತಾಡಿದವನನ್ನು. ನಮ್ಮ ಗಾದೆ ನೋಡಿ: ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದನಂತೆ. ಎತ್ತು ಈಯಿತು ಅಂದವನನ್ನು ಬಿಟ್ಟು, ನಂಬಿ ಹಗ್ಗ ಹುಡುಕಿದವನನ್ನು ನಗುತ್ತದೆ. ಆ ಲೆಕ್ಕದಲ್ಲಿ ರೈಲಿನ ವಿಷಯದಲ್ಲಿ ಪೆದ್ದ ನಾನಲ್ಲ, ಅವನು. ಇದನ್ನು ಅವನಿಗೆ ಇನ್ನೂ ಹೇಳಿಲ್ಲ.

ಮೊನ್ನೆ ಹಾಸನದಿಂದ ಅಮ್ಮ ಫೋನ್ ಮಾಡಿದ್ದರು. "ನಿಮ್ಮಲ್ಲಿ ಸಿಕ್ಕಾಪಟ್ಟೆ ಹಿಮ ಬೀಳ್ತಿದೆಯಂತೆ, ಹೊರಗೆ ಹೋಗ್ಬೇಡ ಕಣೋ." ನಾನು ಕಿಟಕಿ ತೆಗೆದು ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದೆ.

"ಯಾರಮ್ಮ ಹೇಳಿದ್ದು?"

"ಪಕ್ಕದ್ಮನೆ ಆಂಟಿ. ಅವರ ಅಳಿಯ ಕೆನಡಾದಲ್ಲಿ ಇಲ್ವಾ?"