ಸ್ಪಷ್ಟನೆ: ಲೇಡಿ ಜೇನ್ ಗ್ರೇ ಸತ್ತದ್ದು ಒಂಬತ್ತನೇ ದಿನವಲ್ಲ

ಇಂಗ್ಲೆಂಡಿನ ಲೇಡಿ ಜೇನ್ ಗ್ರೇ ಕಿರೀಟ ಧರಿಸಿದ ಒಂಬತ್ತನೇ ದಿನಕ್ಕೆ, ಮತ ಬದಲಿಸಲು ಒಪ್ಪದ ಕಾರಣಕ್ಕೆ ಆಕೆಯ ತಲೆ ಕಡಿದರು ಎಂಬ ಬರಹ ಹರಿದಾಡುತ್ತಿದೆ. ಇದರಲ್ಲಿ ಮೂರು ತಪ್ಪುಗಳಿವೆ.

ಜೇನ್‌ಗೆ ಪಟ್ಟಾಭಿಷೇಕ ಆಗಲೇ ಇಲ್ಲ. 1553ರ ಜುಲೈ 6ರಂದು ದೊರೆ ಆರನೇ ಎಡ್ವರ್ಡ್ ತೀರಿಕೊಂಡ. 10ರಂದು ಜೇನ್‌ಳನ್ನು ರಾಣಿಯೆಂದು ಸಾರಿದರು. 19ರಂದು ಲಂಡನ್ನಿನಲ್ಲಿ ಎಡ್ವರ್ಡನ ಅಕ್ಕ ಮೇರಿಯನ್ನು ರಾಣಿಯೆಂದು ಸಾರಲಾಯಿತು. ಒಂಬತ್ತು ದಿನದ ಲೆಕ್ಕ ಬರುವುದು ಇಲ್ಲಿಂದ. ಎಡ್ವರ್ಡನ ಸಾವಿನಿಂದ ಎಣಿಸಿದರೆ ಹದಿಮೂರಾಗುತ್ತದೆ.

ಸಾವು ಬಂದದ್ದು ಏಳು ತಿಂಗಳ ನಂತರ, 1554ರ ಫೆಬ್ರವರಿ 12ರಂದು. 1553ರ ನವೆಂಬರ್ 13ರಂದು ಲಂಡನ್ನಿನ ಗಿಲ್ಡ್‌ಹಾಲ್‌ನಲ್ಲಿ ವಿಚಾರಣೆ ನಡೆದು ಮರಣದಂಡನೆ ವಿಧಿಸಿದ್ದರೂ ಮೇರಿ ಅದನ್ನು ತಡೆಹಿಡಿದಿದ್ದಳು. ಮೇರಿಯ ವಿರುದ್ಧ ಥಾಮಸ್ ವಯಾಟ್ ಎಬ್ಬಿಸಿದ ದಂಗೆಗೆ ಜೇನ್‌ಳ ತಂದೆ, ಸಫೋಕ್‌ನ ಡ್ಯೂಕ್, ಕೈಜೋಡಿಸಿದ ಮೇಲೆ ಆ ತಡೆ ಉಳಿಯಲಿಲ್ಲ. ಮಗಳು ಆಗ ಲಂಡನ್ ಟವರ್ ಕೋಟೆಯಲ್ಲಿ ಬಂಧಿ, ದಂಗೆಯಲ್ಲಿ ಆಕೆಯ ಪಾತ್ರವೇ ಇರಲಿಲ್ಲ.

ಆರೋಪ ರಾಜದ್ರೋಹದ್ದು, ಮತದ್ದಲ್ಲ. ಆದರೂ ಗೊಂದಲಕ್ಕೆ ಕಾರಣವಿದೆ: ಕೊನೆಯ ದಿನಗಳಲ್ಲಿ ಮೇರಿ ಜಾನ್ ಫೆಕೆನ್‌ಹ್ಯಾಮ್ ಎಂಬ ಕ್ಯಾಥೊಲಿಕ್ ಪಾದ್ರಿಯನ್ನು ಆಕೆಯ ಮನವೊಲಿಸಿ ಮತ ಬದಲಿಸಲು ಕಳಿಸಿದಳು. ಪ್ರಾಟೆಸ್ಟಂಟ್ ಆಗಿದ್ದ ಜೇನ್ ವಾದಿಸಿದಳು, ಬಾಗಲಿಲ್ಲ. 1550ರಲ್ಲಿ ಆಕೆಯ ಮನೆಯಿದ್ದ ಬ್ರ್ಯಾಡ್‌ಗೇಟ್‌ಗೆ ಹೋದ ವಿದ್ವಾಂಸ ರೋಜರ್ ಆಸ್ಕಮ್, ಮನೆಯವರೆಲ್ಲ ಬೇಟೆಗೆ ಹೋಗಿದ್ದಾಗ ಈ ಹುಡುಗಿ ಪ್ಲೇಟೋನ ‘ಫೀಡೊ’ವನ್ನು ಗ್ರೀಕಿನಲ್ಲೇ ಓದುತ್ತಿದ್ದುದನ್ನು ಕಂಡಿದ್ದ. ಜ್ಯೂರಿಕ್‌ನ ಪ್ರಾಟೆಸ್ಟಂಟ್ ಧರ್ಮಗುರು ಬುಲಿಂಗರ್‌ಗೆ ಆಕೆ ಲ್ಯಾಟಿನ್‌ನಲ್ಲಿ ಪತ್ರ ಬರೆಯುತ್ತಿದ್ದಳು. ಇಂಥವಳನ್ನು ಬರೀ ಅಮಾಯಕ ಬಲಿಪಶುವಾಗಿ ಚಿತ್ರಿಸುವುದು ಆಕೆಗೆ ಮಾಡುವ ಅನ್ಯಾಯ.

ಬರಹದ ಜೊತೆಗಿರುವ ಕತ್ತಲ ಕೋಣೆಯ ಚಿತ್ರ ಪಾಲ್ ಡೆಲರೋಶ್ 1833ರಲ್ಲಿ ಬರೆದದ್ದು. ಶಿಕ್ಷೆ ನಡೆದದ್ದು ಟವರ್‌ನ ಆವರಣದೊಳಗೆ, ಬಯಲಿನಲ್ಲಿ.