ಅಳಿಯ ಅಲ್ಲ, ಮಗಳ ಗಂಡ

ಎಚ್‌ಎಸ್‌ಆರ್ ಲೇಔಟ್‌ನ ಬಾಡಿಗೆ ಮನೆಯಲ್ಲಿ ಕೂತು ಅಮೆರಿಕದ ಕಂಪನಿಗೆ ಕೋಡ್ ಬರೆಯುವ ಹುಡುಗನನ್ನು ‘ಎಲ್ಲಿ ಕೆಲಸ?’ ಎಂದು ಕೇಳಬೇಡಿ. ಕೆಲಸ ಹೇಳುವುದು, ರಾತ್ರಿ ಒಂಬತ್ತಕ್ಕೆ ಮೀಟಿಂಗ್ ಕರೆಯುವುದು, ರಜೆ ಬೇಕೆಂದರೆ ಮುಖ ಗಂಟಿಕ್ಕುವುದು ಆಸ್ಟಿನ್‌ನ ಮ್ಯಾನೇಜರ್. ನೇಮಕಾತಿ ಪತ್ರಕ್ಕೆ ಸಹಿ ಹಾಕಿದ್ದು ಮಾತ್ರ ಅವನು ಒಮ್ಮೆಯೂ ಮೆಟ್ಟಿಲು ಹತ್ತದ ಇನ್ನೊಂದು ಪ್ರೈವೇಟ್ ಲಿಮಿಟೆಡ್. ಇದಕ್ಕೆ ‘ಎಂಪ್ಲಾಯರ್ ಆಫ್ ರೆಕಾರ್ಡ್’ ಎನ್ನುತ್ತಾರೆ, ಗಡಿಬಿಡಿಯಲ್ಲಿ ಇಒಆರ್. ದಾಖಲೆಯಲ್ಲಿ ಯಜಮಾನ, ದಾಖಲೆ ಮುಚ್ಚಿದರೆ ಯಾರೂ ಅಲ್ಲ.

ಈ ಸೇವೆಯ ಬೆಲೆ ದೊಡ್ಡ ಕಂಪನಿಗಳ ದರಪಟ್ಟಿಯಲ್ಲಿ ತಲೆಗೆ ತಿಂಗಳಿಗೆ 599 ಡಾಲರ್‌ನಿಂದ ಶುರು. ಕೊಳ್ಳುವ ವಿದೇಶಿ ಕಂಪನಿಗೆ ಅದರಿಂದ ಸಿಗುವುದು ಭಾರತದಲ್ಲಿ ತಮಗೆ ನೌಕರರೇ ಇಲ್ಲ ಎಂದು ನೆಮ್ಮದಿಯಾಗಿ ಹೇಳಿಕೊಳ್ಳುವ ಹಕ್ಕು. ಇಲ್ಲಿ ಕಚೇರಿಯಿದೆ ಎಂದಾದರೆ ಲಾಭದ ಮೇಲೆ ಇಲ್ಲಿಯ ತೆರಿಗೆಯೂ ಬರುತ್ತದಲ್ಲ! ಹಾಗಾಗಿ ಸೇಲ್ಸ್‌ನವನಿಗೆ ‘ಹೆಡ್’ ಎಂಬ ಹುದ್ದೆ ಧಾರಾಳವಾಗಿ ಕೊಡುತ್ತಾರೆ, ಕರಾರಿಗೆ ಸಹಿ ಹಾಕುವ ಪೆನ್ನು ಕೊಡುವುದಿಲ್ಲ. ಅವನು ಇಲ್ಲಿ ಕೂತು ಸಹಿ ಹಾಕತೊಡಗಿದ ದಿನ ಮಧ್ಯೆ ಎಷ್ಟು ಇಒಆರ್ ಇದ್ದರೂ ತೆರಿಗೆ ಇಲಾಖೆ ಕಣ್ಣರಳಿಸಬಹುದು.

ಇನ್ನು ಸಂಬಳದ ಚೀಟಿ. ‘150 ದೇಶ, ಒಂದೇ ಕ್ಲಿಕ್’ ಎಂಬ ಧಾಟಿಯ ಜಾಹೀರಾತಿನ ಸಾಫ್ಟ್‌ವೇರ್ ಎಡವುವುದು ಕರ್ನಾಟಕದ ವೃತ್ತಿ ತೆರಿಗೆಯ ಮುಂದೆ. 25,000 ರೂಪಾಯಿ ಮತ್ತು ಅದಕ್ಕೂ ಮೇಲಿನ ಸಂಬಳಕ್ಕೆ ತಿಂಗಳಿಗೆ 200. ಫೆಬ್ರವರಿಯಲ್ಲಿ ಮಾತ್ರ 300. ಸಂವಿಧಾನ ಹಾಕಿದ ವರ್ಷದ ಮಿತಿ 2,500. ಹನ್ನೆರಡು ಇನ್ನೂರಕ್ಕೆ ನೂರು ಕಡಿಮೆ ಬೀಳುತ್ತದೆ, ಆ ನೂರನ್ನು ಸರ್ಕಾರ 2025ರಲ್ಲಿ ಫೆಬ್ರವರಿಯ ಕೊರಳಿಗೆ ಕಟ್ಟಿತು. ಕೃತಕ ಬುದ್ಧಿಮತ್ತೆಗೆ ಇದನ್ನು ವಿವರಿಸಿದವರಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಡಬೇಕು. ಅಂದಹಾಗೆ ನವೆಂಬರ್ 1ರ ರಾಜ್ಯೋತ್ಸವಕ್ಕೆ ವೇತನಸಹಿತ ರಜೆ ಕೊಡಬೇಕೆಂದು 1963ರ ಕಾಯ್ದೆಯೇ ಇದೆ. ಆ ದಿನ ಮೀಟಿಂಗ್ ಇಡುವ ಅದೇ ಮ್ಯಾನೇಜರು ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಎಂದು ಮಾಯ. ಸಂಬಳದ ದುಡ್ಡನ್ನು ಇಒಆರ್‌ಗೆ ಮುಂಗಡ ಹಾಕಬೇಕಾದವನೂ ಅವನೊಂದಿಗೇ ಮಾಯವಾದರೆ ತಿಂಗಳ ಕೊನೆಗೆ ಇಲ್ಲಿಯ ಇಎಂಐ ಬೌನ್ಸ್.

ಕೆಲಸ ಬಿಡುವಾಗ ಸಿಗುವ ಇಡಿಗಂಟು, ಅಂದರೆ ಗ್ರಾಚ್ಯುಟಿಯ ಕಥೆಯಂತೂ ಇನ್ನೂ ರಸವತ್ತು. ಮೂಲವೇತನದ 4.81% ಎಂದು ಸಿಟಿಸಿಯಲ್ಲಿ (ನೌಕರನ ಮೇಲೆ ಕಂಪನಿ ಮಾಡುವ ಒಟ್ಟು ವೆಚ್ಚದಲ್ಲಿ) ಎಣಿಸಿ ‘ನಿಮ್ಮ ಪ್ಯಾಕೇಜ್ ಇಷ್ಟು’ ಎಂದು ಹೊಗಳುತ್ತಾರೆ. ಕಾಯಂ ನೌಕರನ ಕೈಗೆ ಅದು ಬರಬೇಕಾದರೆ ಐದು ವರ್ಷ ಒಂದೇ ಯಜಮಾನನ ಬಳಿ ಇರಬೇಕು. ನಾಲ್ಕನೇ ವರ್ಷ ಅಮೆರಿಕದವರಿಗೆ ಧೈರ್ಯ ಬಂದು ಬೆಂಗಳೂರಿನಲ್ಲಿ ಸ್ವಂತ ಕಂಪನಿ ತೆರೆಯುತ್ತಾರೆ: ಕೇಕ್, ಬಲೂನು, ಟೀಶರ್ಟ್. ಹುಡುಗ ಇಒಆರ್‌ಗೆ ರಾಜೀನಾಮೆ ಬರೆದು ಹೊಸ ಕಂಪನಿಗೆ ಸೇರಬೇಕು. ಕುರ್ಚಿ ಅದೇ, ಬೈಯುವವನೂ ಅವನೇ. ಹಳೆಯ ಸೇವೆ ಮುಂದುವರಿಯುತ್ತದೆ ಎಂಬ ಒಂದು ಸಾಲು ಪತ್ರದಲ್ಲಿ ಬರೆಸಿಕೊಳ್ಳದಿದ್ದರೆ ಐದು ವರ್ಷದ ಎಣಿಕೆ ಮತ್ತೆ ಒಂದರಿಂದ. ಟೀಶರ್ಟ್ ಸೈಜ್ ಕೇಳಲು ಮೂರು ಇಮೇಲ್ ಬರುತ್ತವೆ, ಈ ಸಾಲಿನ ಬಗ್ಗೆ ಒಂದೂ ಬರುವುದಿಲ್ಲ.

599 ದುಬಾರಿ ಎನಿಸಿದವರಿಗೆ 49 ಡಾಲರ್ ದಾರಿಯಿದೆ: ನೌಕರನನ್ನು ‘ಕಾಂಟ್ರಾಕ್ಟರ್’ ಎಂದು ಕರೆದುಬಿಡುವುದು. ಅದೇ ಲ್ಯಾಪ್‌ಟಾಪ್, ಅದೇ ಮ್ಯಾನೇಜರು. ಈಗ ಹುಡುಗ ಉದ್ಯಮಿ. ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ, ಪ್ರತಿ ಆರ್ಥಿಕ ವರ್ಷ ಎಲ್‌ಯುಟಿ, ಅಂದರೆ ತೆರಿಗೆ ಕಟ್ಟದೆ ವಿದೇಶಕ್ಕೆ ಸೇವೆ ಮಾರಲು ಕೊಡುವ ಮುಚ್ಚಳಿಕೆ. ಅದು ಮರೆತರೆ 18% ತೆರಿಗೆ ಮೊದಲು ಕಟ್ಟಿ, ಆಮೇಲೆ ರೀಫಂಡ್‌ಗೆ ಕಾಯುವ ಯೋಗ. 3,000 ಡಾಲರ್ ಬಿಲ್ ಹಾಕಿದರೆ ನಡುವಿನ ಬ್ಯಾಂಕು ಸ್ವಲ್ಪ ಚಿವುಟುತ್ತದೆ. ಯಾವ ಬಾಬ್ತಿನ ಹಣ ಎಂದು ಹೇಳುವ ‘ಪರ್ಪಸ್ ಕೋಡ್’ ಯಾವುದೆಂದು ಇಲ್ಲಿಯ ಬ್ಯಾಂಕು ಹಣ ತಡೆದು ಕೇಳುತ್ತದೆ. ಪಿಎಫ್ ಇಲ್ಲ, ವೇತನಸಹಿತ ರಜೆ ಇಲ್ಲ. ರಜೆಗೆ ಅನುಮತಿ ಕೇಳುವುದು ಮಾತ್ರ ಉಳಿದಿದೆ, ಉದ್ಯಮಿಯಲ್ಲವೇ!

ಹೀಗೆ ಜಗತ್ತಿನ ನೌಕರರ ಲೆಕ್ಕವನ್ನೆಲ್ಲ ನೋಡಿಕೊಳ್ಳುವವರು ತಮ್ಮ ನೌಕರನನ್ನು ನೋಡಿಕೊಂಡ ಪರಿಯೂ ಕೋರ್ಟ್ ಕಡತದಲ್ಲಿದೆ. 2025ರ ಮಾರ್ಚ್‌ನಲ್ಲಿ ರಿಪ್ಲಿಂಗ್ ಎಂಬ ಪೇರೋಲ್ (ಸಂಬಳ ಲೆಕ್ಕದ) ಕಂಪನಿ ಡೀಲ್ ಎಂಬ ಪೇರೋಲ್ ಕಂಪನಿಯ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದಾವೆ ಹೂಡಿತು: ಐರ್ಲೆಂಡಿನ ನಮ್ಮ ನೌಕರ ನಿಮ್ಮ ಗೂಢಚಾರ ಎಂದು. ಡೀಲ್ ತಪ್ಪು ಮಾಡಿಲ್ಲ ಎಂದಿತು. ಒಬ್ಬನೇ ಮನುಷ್ಯ, ಸಂಬಳ ಒಬ್ಬರದು, ಕೆಲಸ ಇನ್ನೊಬ್ಬರದು ಎಂಬ ಆರೋಪ. ಇಒಆರ್‌ನ ವ್ಯಾಖ್ಯೆಯನ್ನೇ ಓದಿದಂತಿದೆ. ಆ ನೌಕರ ಮುಂದೆ ಪ್ರಮಾಣಪತ್ರ ಸಲ್ಲಿಸಿ, ಫೋನನ್ನು ಕೊಡಲಿಯಿಂದ ಒಡೆದು ಅತ್ತೆಮನೆಯ ಚರಂಡಿಗೆ ಹಾಕಿದೆ ಎಂದ. ಅವನು ಯಾರ ನೌಕರ ಎಂಬ ಬಗ್ಗೆ ವಕೀಲರು ಇನ್ನೆಷ್ಟು ಬೇಕಾದರೂ ವಾದಿಸಲಿ, ಯಾರ ಅಳಿಯ ಎಂಬ ಬಗ್ಗೆ ತಕರಾರು ಎದ್ದಿಲ್ಲ.